ಎಂಬಿಬಿಎಸ್ ಓದುವ ಮಕ್ಕಳ ಖರ್ಚು: 66 ತಿಂಗಳ ಲೆಕ್ಕ

ವೈದ್ಯಕೀಯ ಸೀಟು ಸಿಕ್ಕ ಕೂಡಲೇ ಪಾಲಕರು ಕೇಳುವುದು ಒಂದೇ ಪ್ರಶ್ನೆ, ಫೀ ಎಷ್ಟು? ಅದು ಅರ್ಧ ಲೆಕ್ಕ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು 66 ತಿಂಗಳು. ಮೊದಲ ವರ್ಷ ಬಂಗಾರ ಮಾರಿ, ಹೊಸ ಮೊಬೈಲು, ಲ್ಯಾಪ್‌ಟಾಪ್ ಎಲ್ಲ ಕೊಡಿಸಿ, ಮೂರನೇ ವರ್ಷಕ್ಕೆ ಕೈ ಖಾಲಿ ಮಾಡಿಕೊಂಡ ಮನೆಗಳು ನಮ್ಮ ಬಸವಕಲ್ಯಾಣ, ಹುಮನಾಬಾದ್ ಸಮಾಜದಲ್ಲೂ ಇವೆ. ಅಂಥ ಮನೆಯ ಮಕ್ಕಳು ಹಣ ಕೇಳಲು ಹಿಂಜರಿಯುತ್ತಾರೆ. ಕೆಲವರು ಮೊಬೈಲಿನ ಸಾಲದ ಆ್ಯಪ್‌ಗಳ ಕಡೆ ಹೋಗುತ್ತಾರೆ. ಆದ್ದರಿಂದ ಲೆಕ್ಕವನ್ನು ಮೊದಲ ದಿನವೇ ಹಾಕಬೇಕು.

ಕಾಗದಪತ್ರ ಮೊದಲು

ಉಳಿತಾಯದ ದೊಡ್ಡ ಪಾಲು ಇಲ್ಲಿದೆ, ಕ್ಯಾಂಟೀನಿನ ಚಹಾದಲ್ಲಿ ಅಲ್ಲ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು, ರಾಜ್ಯದ ಉಳಿದ ಕಡೆ ಶೇ 8. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಪಿಯುಸಿ ಎರಡನೇ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ. ದಿಗಂಬರ ಜೈನರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 3ಬಿ. ಶಾಲಾ ದಾಖಲೆಯಲ್ಲಿ ಬರೀ ‘ಜೈನ’ ಎಂದಿದೆಯೋ, ‘ದಿಗಂಬರ’ ಎಂದೂ ಇದೆಯೋ ಈಗಲೇ ನೋಡಿ. ಕೌನ್ಸೆಲಿಂಗ್ ವಾರದಲ್ಲಿ ನೋಡಿದರೆ ಓಡಾಟವೇ ಓಡಾಟ.

2014ರ ಜನವರಿಯಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯ. ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷವೂ ಹಾಕಬೇಕು. ಒಮ್ಮೆ ಹಾಕಿದರೆ ಮುಗಿಯಿತು ಎಂದುಕೊಂಡು ಬಿಟ್ಟವರು ಬಹಳ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಶೇ 2ರಷ್ಟು ಸೇವಾ ಶುಲ್ಕ ಮಾತ್ರ. ಬ್ಯಾಂಕಿಗೆ ಹೋಗುವ ಮೊದಲು ಇದನ್ನು ವಿಚಾರಿಸಿ.

ಹತ್ತಿರದ ಕಾಲೇಜು

ಬೀದರ್‌ನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಸರ್ಕಾರಿ ಕಾಲೇಜುಗಳು. ಕಲಬುರಗಿಯಲ್ಲಿ ಇಎಸ್‌ಐ ಮತ್ತು ಎಂ.ಆರ್. ಮೆಡಿಕಲ್ ಕಾಲೇಜುಗಳೂ ಇವೆ. ಹುಮನಾಬಾದ್ ಈ ಎರಡು ಊರುಗಳ ನಡುವೆಯೇ ಇದೆ, 2017ರಿಂದ ರೈಲೂ ಇದೆ. ಹೆಣ್ಣುಮಕ್ಕಳಿಗೆ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ಹೋಗಲು ಖರ್ಚಿಲ್ಲ. ಬೆಂಗಳೂರಿನ ದೊಡ್ಡ ಹೆಸರಿಗೆ ಮನಸ್ಸು ಎಳೆಯುತ್ತದೆ, ನಿಜ. ಆದರೆ ಅಲ್ಲಿನ ಬಾಡಿಗೆಯನ್ನು 66ರಿಂದ ಗುಣಿಸಿ ನೋಡಿದ ಮೇಲೆ ತೀರ್ಮಾನ ಮಾಡಿ.

ಊಟದ ಖರ್ಚು

ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಖರ್ಚು ಇದೆ. ಹಾಸ್ಟೆಲ್ ಮೆಸ್ಸಿನಲ್ಲಿ ರಾತ್ರಿ ಊಟ ಸಾಮಾನ್ಯವಾಗಿ ಏಳೂವರೆ, ಎಂಟಕ್ಕೆ. ಪಲ್ಯ, ಸಾರು ಎರಡರಲ್ಲೂ ಈರುಳ್ಳಿ, ಆಲೂಗಡ್ಡೆ. ಸೂರ್ಯಾಸ್ತದೊಳಗೆ ಊಟ ಮಾಡುವ ಹುಡುಗಿ ಮೆಸ್ಸಿಗೂ ಹಣ ಕಟ್ಟುತ್ತಾಳೆ, ಸಂಜೆ ಹೊರಗಿನಿಂದಲೂ ತರಿಸುತ್ತಾಳೆ. ದಿನಕ್ಕೆ 80 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,400, ವರ್ಷದಲ್ಲಿ ಹತ್ತು ತಿಂಗಳಿಗೆ 24,000. ಪುಸ್ತಕಗಳ ಖರ್ಚಿಗಿಂತ ಇದು ಹೆಚ್ಚಾಗಬಹುದು.

ಇದಕ್ಕೆ ಉಪಾಯ ಇದೆ. ಪಾಲಕರು ಸೇರಿಸುವಾಗಲೇ ವಾರ್ಡನ್ ಅವರನ್ನು ಕಂಡು, ಐದೂವರೆಗೆ ಎರಡು ಚಪಾತಿ, ಬೇಳೆ ತೆಗೆದಿಡಲು ಲಿಖಿತವಾಗಿ ಕೇಳಿ. ಒಬ್ಬಳಿಗೆ ಕಷ್ಟವಾದರೆ ನಾಲ್ಕು ಜೈನ ವಿದ್ಯಾರ್ಥಿಗಳು ಸೇರಿ ಕೇಳಲಿ. ಮನೆಯಿಂದ ಜೋಳದ ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಖಾಖರಾ ಕಳಿಸಿದರೆ ವಾರಗಟ್ಟಲೆ ಇರುತ್ತವೆ. ರೂಮಿನಲ್ಲಿ ವಿದ್ಯುತ್ ಒಲೆಗೆ ಅನುಮತಿ ಇಲ್ಲದಿದ್ದರೆ ಕದ್ದು ಇಡುವುದು ಬೇಡ, ದಂಡ ಬೀಳುತ್ತದೆ. ದಶಲಕ್ಷಣ, ಪರ್ಯುಷಣದ ದಿನಗಳಲ್ಲಿ ಆ ಊರಿನ ಬಸದಿಯವರನ್ನು ಸಂಪರ್ಕಿಸಿ. ಊಟಕ್ಕೆ ಕರೆಯುವ ಶ್ರಾವಕರು ಎಲ್ಲ ಊರಲ್ಲೂ ಸಿಗುತ್ತಾರೆ.

ಪುಸ್ತಕ, ಮೂಳೆ ಸೆಟ್

ಅನಾಟಮಿಗೆ ಬೇಕಾದ ಮೂಳೆ ಸೆಟ್ಟನ್ನು ಸೀನಿಯರ್‌ಗಳಿಂದ ಕೊಂಡು, ವರ್ಷ ಮುಗಿದ ಮೇಲೆ ಜೂನಿಯರ್‌ಗಳಿಗೆ ಮಾರುವ ರೂಢಿ ಇದೆ. ಹೊಸದು ಬೇಡ. ಪುಸ್ತಕಗಳೂ ಹಾಗೇ. ಗ್ರಂಥಾಲಯದಲ್ಲಿ ಸಿಗದವನ್ನು ಮಾತ್ರ ಕೊಳ್ಳಲಿ. ಸ್ಟೆಥೋಸ್ಕೋಪ್ ಒಂದು ಒಳ್ಳೆಯದನ್ನೇ ತೆಗೆದುಕೊಡಿ, ಅದು ವರ್ಷಗಟ್ಟಲೆ ಬಾಳುತ್ತದೆ. ಪಾಲಕರಿಗೆ ಗೊತ್ತಿಲ್ಲದ ಖರ್ಚು ಕೊನೆಯ ವರ್ಷಗಳದ್ದು: ಪಿಜಿ ನೀಟ್ ತಯಾರಿಯ ಆ್ಯಪ್‌ಗಳ ಚಂದಾ, ಪರೀಕ್ಷಾ ಶುಲ್ಕ. ಇದಕ್ಕೆ ಮೊದಲ ವರ್ಷದಿಂದಲೇ ತಿಂಗಳಿಗೆ 1,000 ರೂಪಾಯಿಯ ಆರ್‌ಡಿ ತೆರೆದರೆ ಮೂರು ವರ್ಷಕ್ಕೆ 36,000 ಅಸಲು, ಮೇಲೆ ಬಡ್ಡಿ.

ತಿಂಗಳ ಹಣವನ್ನು ಒಂದೇ ತಾರೀಖಿಗೆ ಕಳಿಸಿ. ಕೇಳಿದಾಗಲೆಲ್ಲ ಫೋನ್‌ಪೇ ಮಾಡಿದರೆ ಲೆಕ್ಕ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕೀರ್ದಿ ಬರೆಯುವ ನಾವು ಮಕ್ಕಳಿಗೆ ಅದನ್ನು ಕಲಿಸಿಲ್ಲ. ಪರಿಗ್ರಹ ಪರಿಮಾಣ ನಮ್ಮ ಅಣುವ್ರತಗಳಲ್ಲೇ ಒಂದು, ಮಿತಿ ಹಾಕಿಕೊಳ್ಳುವುದು ಅವರಿಗೆ ಹೊಸ ಮಾತಲ್ಲ.

ಸಾಲ ತೆಗೆದರೆ

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರು. ಬಡ್ಡಿ ಮಾತ್ರ ಹಣ ತೆಗೆದ ದಿನದಿಂದಲೇ ಓಡುತ್ತದೆ. ಮೊದಲ ವರ್ಷ ತೆಗೆದ ಒಂದು ಲಕ್ಷಕ್ಕೆ ಶೇ 10ರ ಸರಳ ಬಡ್ಡಿಯಂತೆ ಆರೂವರೆ ವರ್ಷಕ್ಕೆ 65,000 ರೂಪಾಯಿ. ಹಾಗಾಗಿ ಸಾಲದಲ್ಲಿ ಮೊಬೈಲು ಕೊಳ್ಳಬೇಡಿ. ಫೀ ಕಟ್ಟುವ ಹೊತ್ತಿಗೆ ಬೇಕಾದಷ್ಟೇ ತೆಗೆಯಿರಿ, ಆದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಕುಟುಂಬದ ಆದಾಯ 8 ಲಕ್ಷದವರೆಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯ ಉಂಟು. ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ಇಂಟರ್ನ್‌ಶಿಪ್ಪಿನ ಸ್ಟೈಪೆಂಡ್ ಬರತೊಡಗಿದಾಗ ಅದರಲ್ಲಿ ಒಂದು ಪಾಲು ಬಡ್ಡಿಗೇ ಹೋಗಲಿ.

ಸಂಘಗಳವರಿಗೆ

ಸೀಟು ಸಿಕ್ಕ ವರ್ಷ ಶಾಲು, ಹಾರ, ಫೋಟೊ ಎಲ್ಲ ಇರುತ್ತದೆ. ಮೂರನೇ ವರ್ಷ ಆ ಮಗುವಿನ ಫೀ ಕಟ್ಟಿದೆಯೋ ಇಲ್ಲವೋ ಕೇಳುವವರಿಲ್ಲ. ಸನ್ಮಾನದ ಖರ್ಚನ್ನು ಅರ್ಧಕ್ಕಿಳಿಸಿ ಉಳಿದದ್ದನ್ನು ಎತ್ತಿಡಿ. ಫೀ ತುಂಬುವ ತಿಂಗಳಲ್ಲಿ ಪದಾಧಿಕಾರಿಯೊಬ್ಬರು ಮನೆಗೆ ಫೋನ್ ಮಾಡಿ ವಿಚಾರಿಸಲಿ. ಕೊಡುವುದಾದರೆ ಸಭೆಯಲ್ಲಿ ಹೆಸರು ಓದಬೇಡಿ. ಹಣ ನೇರವಾಗಿ ಕಾಲೇಜಿನ ಖಾತೆಗೆ ಹೋಗಲಿ, ರಸೀದಿ ಸಂಘದ ಫೈಲಿನಲ್ಲಿರಲಿ.