ಮಾಸ್ಟರ್ಸ್ ಪ್ರಬಂಧ, ಇಂಗ್ಲಿಷ್‌ನಲ್ಲಿ (ಜರ್ಮನಿ)

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಓದಿನ ಕೊನೆಗೆ ವಿದ್ಯಾರ್ಥಿ ಸ್ವತಂತ್ರವಾಗಿ ಬರೆದು ಒಪ್ಪಿಸಬೇಕಾದ ಸಂಶೋಧನ ಬರಹ. ಇದಕ್ಕೆ 15ರಿಂದ 30 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25–30 ಗಂಟೆಯ ದುಡಿಮೆ ಎಂಬುದು ಲೆಕ್ಕ. 30 ಕ್ರೆಡಿಟ್ ಎಂದರೆ ಪೂರ್ತಿ ಒಂದು ಸೆಮಿಸ್ಟರ್.

ಯಾವ ಭಾಷೆಯಲ್ಲಿ ಬರೆಯಬಹುದೆಂಬುದನ್ನು ಆಯಾ ಕೋರ್ಸಿನ ಪರೀಕ್ಷಾ ನಿಯಮಾವಳಿ ಹೇಳುತ್ತದೆ. ಜರ್ಮನ್ ಮಾಧ್ಯಮದ ಕೋರ್ಸುಗಳಲ್ಲಿ ಇಂಗ್ಲಿಷ್‌ನಲ್ಲಿ ಬರೆಯಲು ಮೊದಲೇ ಒಪ್ಪಿಗೆ ಪಡೆಯಬೇಕಾಗುವುದುಂಟು. ಜೊತೆಗೆ ಜರ್ಮನ್ ಸಾರಾಂಶ ಕೇಳುವ ವಿಭಾಗಗಳೂ ಇವೆ. ಬ್ರಿಟಿಷ್ ಕಾಗುಣಿತವೋ ಅಮೆರಿಕನ್ ಕಾಗುಣಿತವೋ, ಆರಿಸಿಕೊಂಡದ್ದನ್ನು ಕೊನೆತನಕ ಪಾಲಿಸಬೇಕು. ಉಲ್ಲೇಖಕ್ಕೆ ಮನಶ್ಶಾಸ್ತ್ರದವರು ಎಪಿಎ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನವರು ಐಇಇಇ ಶೈಲಿಯನ್ನು ಹೆಚ್ಚಾಗಿ ಬಳಸುತ್ತಾರೆ.

ಭಾಷೆಗಿಂತ ಗುರುತರವಾದದ್ದು ಪ್ರಾಮಾಣಿಕತೆಯ ಘೋಷಣೆ. ಬರಹ ತನ್ನದೇ, ಹೆಸರಿಸಿದ ಆಕರಗಳನ್ನು ಬಿಟ್ಟು ಬೇರೇನನ್ನೂ ಬಳಸಿಲ್ಲ ಎಂದು ಒಂದು ಪುಟದಲ್ಲಿ ಬರೆದು, ಊರು, ದಿನಾಂಕ ನಮೂದಿಸಿ ಸಹಿ ಹಾಕಬೇಕು. ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಅದನ್ನೂ ತಿಳಿಸಬೇಕೆಂದು ಈಗ ಅನೇಕ ಕಡೆ ಕೇಳುತ್ತಾರೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರು ನಾಲ್ಕು ಮಂದಿ ಸೇರಿ ಪ್ರಾಜೆಕ್ಟ್ ವರದಿ ಬರೆದು ಹೋದವರಿಗೆ, ಪ್ರತಿ ವಾಕ್ಯಕ್ಕೂ ಒಬ್ಬರೇ ಹೊಣೆಯಾಗುವ ಈ ಪದ್ಧತಿ ನಿಜವಾಗಿಯೂ ಹೊಸದು. ಅದಕ್ಕೆ ಹೊರಡುವ ಮುನ್ನವೇ ಸಿದ್ಧರಾಗುವುದು ಒಳ್ಳೆಯದು.

ಸಾಮಾನ್ಯವಾಗಿ ಇಬ್ಬರು ಪರೀಕ್ಷಕರು ಮೌಲ್ಯಮಾಪನ ಮಾಡುತ್ತಾರೆ. 1.0 ಅತ್ಯುತ್ತಮ ಶ್ರೇಣಿ, 4.0 ತೇರ್ಗಡೆಯ ಗಡಿ. ಅನುತ್ತೀರ್ಣರಾದವರಿಗೆ ಬಹುಮಟ್ಟಿಗೆ ಇನ್ನೊಂದೇ ಅವಕಾಶ, ಅದೂ ಹೊಸ ವಿಷಯದ ಮೇಲೆ.