ನರಮಂಡಲದ ಸಮತೋಲನ ಮತ್ತು ಉದ್ಯಮ ನಾಯಕತ್ವ

ಒತ್ತಡದಿಂದ ಉದ್ರೇಕಗೊಂಡ ದೇಹವನ್ನು ಸಹಜ ಸ್ಥಿತಿಗೆ ತರುವ ಸಾಮರ್ಥ್ಯಕ್ಕೂ ಉದ್ಯಮ ನಡೆಸುವವರ ನಿರ್ಧಾರ, ನಡವಳಿಕೆಗಳಿಗೂ ಸಂಬಂಧವಿದೆ. ಸ್ವಾಯತ್ತ ನರಮಂಡಲದ ಅನುವೇದನಾ ಭಾಗವು ಎದೆಬಡಿತ, ರಕ್ತದೊತ್ತಡಗಳನ್ನು ಏರಿಸುತ್ತದೆ. ಪರಾನುವೇದನಾ ಭಾಗವು ಮುಖ್ಯವಾಗಿ ವೇಗಸ್ ನರದ ಮೂಲಕ ಎದೆಬಡಿತವನ್ನು ತಗ್ಗಿಸುತ್ತದೆ. ತೀವ್ರ ಒತ್ತಡದಲ್ಲಿ ಮಿದುಳಿನ ಮುಂಭಾಗದ ವಿವೇಚನಾಶಕ್ತಿ ಕುಗ್ಗಿ, ಆತುರದ ತೀರ್ಮಾನ, ಸಿಡುಕು ಹೆಚ್ಚುತ್ತವೆ.

ಉದಾಹರಣೆಗೆ, ಬಳ್ಳಾರಿಯ ಜೀನ್ಸ್ ಉಡುಪು ಘಟಕಗಳು, ತುಂಗಭದ್ರಾ ಅಚ್ಚುಕಟ್ಟಿನ ಸಿರುಗುಪ್ಪದ ಅಕ್ಕಿ ಗಿರಣಿಗಳು, ಕುರುಗೋಡಿನ ಭತ್ತ, ಮೆಣಸಿನಕಾಯಿ ವಹಿವಾಟುಗಳಲ್ಲಿ ಬೆಲೆಯ ಏರಿಳಿತ, ಸಾಲ, ಕಾಲುವೆ ನೀರಿನ ಅನಿಶ್ಚಿತತೆ, ಕಡುಬೇಸಿಗೆ ಇವು ಒತ್ತಡದ ಮೂಲಗಳು. ಮಾಲೀಕರ ಸಂಯಮ ಕಾರ್ಮಿಕರಿಗೂ ಧೈರ್ಯ ಕೊಡುತ್ತದೆ.

ಈ ಸಂಯಮ ಕಾಯ್ದುಕೊಳ್ಳಲು ನಿಮಿಷಕ್ಕೆ ಸುಮಾರು 6 ಬಾರಿಯ ನಿಧಾನ ಉಸಿರಾಟ, ಸಾಕಷ್ಟು ನಿದ್ರೆ, ವ್ಯಾಯಾಮ ಉಪಯುಕ್ತ. ಒತ್ತಡ ಮೀರಿದಾಗ 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು (14416) ಸಂಪರ್ಕಿಸಬಹುದು.