ಬಿತ್ತರವೆಂಬ ಮಾತು

ರೇಡಿಯೋದಲ್ಲಿ ಬರುವುದನ್ನು ‘ಪ್ರಸಾರ’ವೆನ್ನುತ್ತೇವೆ, ‘ಬಿತ್ತರ’ವೆಂದೂ ಹೇಳುತ್ತೇವೆ. ಎರಡೂ ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಎಂಬುದಕ್ಕೆ ನಿಂತ ಮಾತುಗಳು. ಆ ಇಂಗ್ಲಿಷ್ ಶಬ್ದ ಮೊದಲಿಗೆ ಹೊಲದ್ದು. ನಮ್ಮ ರೈತ ರಾಗಿಯನ್ನು ಕೂರಿಗೆಯಿಂದ ಸಾಲಾಗಿ ಬಿತ್ತುವುದುಂಟು. ಹಿಡಿಯಲ್ಲಿ ತುಂಬಿಕೊಂಡು ಎರಚುವುದೂ ಉಂಟು. ಹೀಗೆ ಎರಚಿ ಬಿತ್ತುವುದೇ ಬ್ರಾಡ್‌ಕಾಸ್ಟ್. ಯಾವ ಕಾಳು ಎಲ್ಲಿ ಬಿತ್ತೆಂದು ಎರಚಿದವನು ನೋಡುತ್ತ ನಿಲ್ಲುವುದಿಲ್ಲ.

ವಿನೋದವೆಂದರೆ, ನಿಸ್ತಂತು ವಿದ್ಯೆಯ ಮೊದಲ ದಿನಗಳಲ್ಲಿ ಈ ಎರಚುವ ಗುಣವೇ ದೊಡ್ಡ ದೋಷವೆನಿಸಿತ್ತು. 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಹಿಡಿದ ಮಾರ್ಕೋನಿಯ ಕಣ್ಣಿದ್ದದ್ದು ತಂತಿಯ ವ್ಯಾಪಾರದ ಮೇಲೆ. ಸುದ್ದಿ ಒಬ್ಬನಿಂದ ಒಬ್ಬನಿಗೆ, ಶುಲ್ಕ ತೆತ್ತು, ಗುಟ್ಟಾಗಿ ಹೋಗಬೇಕು. ಅಲೆಗಳಿಗೆ ಗುಟ್ಟೆಂಬುದು ಗೊತ್ತೆ? ಯಂತ್ರವಿದ್ದ ಯಾರು ಬೇಕಾದರೂ ಕೇಳಬಹುದಾಗಿತ್ತು. ಒಂದು ನಿಲಯದ ಸಂಕೇತ ಇನ್ನೊಂದರದರೊಡನೆ ಬೆರೆಯದಂತೆ ಶ್ರುತಿಗೂಡಿಸುವ ಉಪಾಯಕ್ಕೆ ಆತ 1900ರಲ್ಲೇ ಪೇಟೆಂಟು ಪಡೆದಿದ್ದ. ಎರಚುವುದನ್ನು ಬಿಡಿಸಿ ಕೂರಿಗೆ ಹಿಡಿಸುವ ಪ್ರಯತ್ನವೆನ್ನಿ.

ಕಡಲಿನಲ್ಲಿ ಮಾತ್ರ ಆ ದೋಷವೇ ಜೀವ ಉಳಿಸಿತು. 1912ರ ಏಪ್ರಿಲಿನಲ್ಲಿ ಮುಳುಗುತ್ತಿದ್ದ ಟೈಟಾನಿಕ್ ಕೂಗಿದ್ದು ಯಾವುದೋ ಒಂದು ಹಡಗನ್ನಲ್ಲ, ಕೇಳಿಸಿದವರನ್ನೆಲ್ಲ. ಆ ಕೂಗನ್ನು ಕೇಳಿ ಧಾವಿಸಿದ ಕಾರ್ಪೇಥಿಯ 700ಕ್ಕೂ ಹೆಚ್ಚು ಮಂದಿಯನ್ನು ದೋಣಿಗಳಿಂದ ಎತ್ತಿಕೊಂಡಿತು.

1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗಿನ ನಿಲಯವೊಂದು ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಕಿವಿಯಿದ್ದವರಿಗೆಲ್ಲ ಸಾರಿತು. 1922ರಲ್ಲಿ ಹುಟ್ಟಿದ ಬಿ.ಬಿ.ಸಿ. ಈ ಹೊಲದ ಮಾತನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿತು. ನಮ್ಮಲ್ಲಿ 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಪುಟ್ಟ ಯಂತ್ರವನ್ನಿಟ್ಟುಕೊಂಡು ತಮ್ಮ ಮನೆಯಿಂದಲೇ ಬಿತ್ತನೆ ಆರಂಭಿಸಿದರು.

ಬಿತ್ತನೆ ಎಂದೆ. ‘ಬಿತ್ತರ’ಕ್ಕೂ ‘ಬಿತ್ತು’ವಿಗೂ ನಂಟುಂಟೆಂದು ನಾನೂ ಬಹುಕಾಲ ನಂಬಿದ್ದೆ. ನಿಘಂಟು ಒಪ್ಪುವುದಿಲ್ಲ. ‘ಬಿತ್ತರ’ ಸಂಸ್ಕೃತದ ‘ವಿಸ್ತರ’ದ ತದ್ಭವ, ಹಳಗನ್ನಡದಲ್ಲಿ ಬಿತ್ತರಿಸುವುದೆಂದರೆ ವಿವರವಾಗಿ ಹೇಳುವುದು. ‘ಬಿತ್ತು’ ಅಚ್ಚ ದೇಶ್ಯ. ಧ್ವನಿಯಲ್ಲಷ್ಟೇ ಹೋಲಿಕೆ, ರಕ್ತಸಂಬಂಧವಿಲ್ಲ. ಆದರೂ ‘ಪ್ರಸಾರ’ದಲ್ಲಿ ಹರಡುವುದಷ್ಟೇ ಕೇಳಿಸುತ್ತದೆ, ‘ಬಿತ್ತರ’ದಲ್ಲಿ ಮೊಳೆಯುವುದೂ ಕೇಳಿಸುತ್ತದೆ. ಪಂಡಿತರು ಕ್ಷಮಿಸುವುದಾದರೆ ನಾನು ಬಿತ್ತರವೆಂದೇ ಹೇಳುತ್ತೇನೆ.